ಮಗ ಅಮೆರಿಕದ ಕಾಲೇಜಿನಲ್ಲಿ ಫ್ರಟರ್ನಿಟಿ ಸೇರುತ್ತೇನೆ ಅಂದರೆ ತಂದೆತಾಯಿ ಏನೇನು ತಿಳಿದಿರಬೇಕು?

ಫ್ರಟರ್ನಿಟಿಯಿಂದ, ಅಂದರೆ ಕಾಲೇಜು ಹುಡುಗರ ಸದಸ್ಯತ್ವದ ಸಂಘದಿಂದ, ಮಗನಿಗೆ ‘ಬಿಡ್’ (ಸೇರಲು ಆಹ್ವಾನ) ಬಂದಿದೆ, ಮೈಸೂರಿನಲ್ಲಿ ಕೂತು ಹೂಂ ಅನ್ನಬೇಕೋ ಬೇಡ ಅನ್ನಬೇಕೋ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ಸುಮ್ಮನೆ ಬೇಡ ಅಂದುಬಿಟ್ಟರೆ ನಿಮಗೆ ಹೇಳದೆಯೇ ಸೇರಬಹುದು. ಆಮೇಲೆ ಏನಾದರೂ ಆದಾಗ ಫೋನ್ ಮಾಡಲೂ ಹಿಂಜರಿಯುತ್ತಾನೆ. ನನ್ನ ಪ್ರಕಾರ ನಿಮ್ಮ ಗಮನವೆಲ್ಲ ಇರಬೇಕಾದ್ದು ಬಿಡ್ ಒಪ್ಪಿದ ದಿನದಿಂದ ಇನಿಷಿಯೇಷನ್ (ಪೂರ್ಣ ಸದಸ್ಯನಾಗಿ ಸೇರಿಸಿಕೊಳ್ಳುವ ವಿಧಿ) ಮುಗಿಯುವವರೆಗಿನ ಕೆಲವು ವಾರಗಳ ಮೇಲೆ. ಆಗ ಅವನು ‘ಪ್ಲೆಜ್’, ಅಂದರೆ ಇನ್ನೂ ಪೂರ್ಣ ಸದಸ್ಯನಾಗದ ಹೊಸಬ. ಫ್ರಟರ್ನಿಟಿಗಳಲ್ಲಿ ಆಗಿ ಸುದ್ದಿಯಾದ ಸಾವುಗಳಲ್ಲಿ ಹೆಚ್ಚಿನವು ಈ ಅವಧಿಯವೇ.

ನಮ್ಮ ಕಡೆ ರ‍್ಯಾಗಿಂಗ್ ಅಂದರೆ ಸೀನಿಯರ್‌ಗಳು ಕೈಗೆ ಸಿಕ್ಕ ಜೂನಿಯರನ್ನು ಹಿಡಿಯುವುದು. ಹೇಜಿಂಗ್‌ನಲ್ಲಿ, ಅಂದರೆ ಸಂಘಕ್ಕೆ ಸೇರಿಸಿಕೊಳ್ಳುವಾಗ ಕೊಡುವ ಕಾಟದಲ್ಲಿ, ಹುಡುಗ ತಾನೇ ಇಷ್ಟಪಟ್ಟು ಹೋಗಿರುತ್ತಾನೆ, ಅದಕ್ಕೇ ಬಾಯಿ ಬಿಡುವುದಿಲ್ಲ. ಟೆಕ್ಸಸ್, ಫ್ಲೋರಿಡಾದಂಥ ರಾಜ್ಯಗಳಲ್ಲಿ ‘ಅವನೇ ಒಪ್ಪಿಕೊಂಡಿದ್ದ’ ಅನ್ನುವ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇದನ್ನು ಅವನಿಗೆ ಹೇಳಿ.

ನೀವು ಹೆಸರು ಹಿಡಿದು ಕೇಳಬೇಕಾದ್ದು ‘ಬಿಗ್-ಲಿಟಲ್’ ರಾತ್ರಿಯ ಬಗ್ಗೆ. ಪ್ರತಿ ಪ್ಲೆಜ್‌ಗೂ ಒಬ್ಬ ‘ಬಿಗ್ ಬ್ರದರ್’ನನ್ನು ಗೊತ್ತು ಮಾಡಿರುತ್ತಾರೆ. ಅದು ಯಾರು ಅಂತ ಬಯಲಾಗುವ ರಾತ್ರಿ ಆ ಅಣ್ಣ ತಮ್ಮನಿಗೆ ಒಂದು ಬಾಟಲಿ ಕೊಡುವ ರೂಢಿ ಹಲವು ಕಡೆ ಇದೆ, ಖಾಲಿ ಮಾಡು ಅನ್ನುವ ಒತ್ತಾಯವೂ ಇರುತ್ತದೆ. 2017ರ ನವೆಂಬರ್‌ನಲ್ಲಿ ಫ್ಲೋರಿಡಾ ಸ್ಟೇಟ್, 2021ರ ಫೆಬ್ರವರಿಯಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್, ಮರುತಿಂಗಳೇ ಒಹಾಯೊದ ಬೌಲಿಂಗ್ ಗ್ರೀನ್, ಮೂರೂ ವಿಶ್ವವಿದ್ಯಾಲಯಗಳಲ್ಲಿ ಒಬ್ಬೊಬ್ಬ ಹುಡುಗ ಜೀವ ಕಳೆದುಕೊಂಡದ್ದು ಇಂಥ ರಾತ್ರಿಯ ಕುಡಿತದಿಂದ. ಲೆಕ್ಕ ನೋಡಿ: 750 ಮಿ.ಲೀ.ನ 40% ವಿಸ್ಕಿ ಅಂದರೆ ಅಮೆರಿಕದ ಅಳತೆಯಲ್ಲಿ ಸುಮಾರು 17 ಡ್ರಿಂಕ್. ದೇಹ ಅರಗಿಸುವುದು ಗಂಟೆಗೆ ಒಂದರಷ್ಟು.

‘ಮಲಗಿದರೆ ಇಳಿಯುತ್ತೆ’ ಅನ್ನುವ ನಂಬಿಕೆಯೇ ಕೊಲ್ಲುವುದು. ಕುಡಿಯುವುದು ನಿಂತ ಮೇಲೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಏರುತ್ತಲೇ ಇರುತ್ತದೆ. 2017ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ಲೆಜ್ ಟಿಮೊಥಿ ಪಿಯಾಝಾ ಕುಡಿದು ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದಾಗ, ಅಂಗಾತ ಹೊರಳದಿರಲಿ ಅಂತ ಬೆನ್ನಿಗೆ ಭಾರದ ಬ್ಯಾಗ್ ಕಟ್ಟಿದರು. ತುರ್ತು ಸಹಾಯದ ನಂಬರ್ 911ಗೆ ಫೋನ್ ಮಾಡಿದ್ದು ಸುಮಾರು 12 ಗಂಟೆ ಕಳೆದ ಮೇಲೆ. ಎಬ್ಬಿಸಿದರೆ ಏಳದಿರುವುದು, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾಗುವುದು ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವಾಗುವುದು, ತುಟಿ ನೀಲಿಗಟ್ಟುವುದು, ಮಲಗಿದ್ದಲ್ಲೇ ವಾಂತಿ: ಇವುಗಳಲ್ಲಿ ಒಂದು ಕಂಡರೂ 911. ಆಂಬುಲೆನ್ಸ್ ಬರುವವರೆಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಒಬ್ಬನನ್ನೇ ಬಿಡಬಾರದು, ಕಾಫಿ, ತಣ್ಣೀರ ಸ್ನಾನ ಯಾವುದೂ ಬೇಡ. 21 ತುಂಬದವರು ಕುಡಿದದ್ದಕ್ಕೆ ಕೇಸು ಬೀಳುತ್ತೆ ಅಂತ ಹುಡುಗರು ಹೆದರುತ್ತಾರೆ. ಸಹಾಯಕ್ಕೆ ಕರೆದವರಿಗೆ ಬಹುತೇಕ ರಾಜ್ಯಗಳ ಕಾನೂನು ರಕ್ಷಣೆ ಕೊಡುತ್ತದೆ. ಅವನ ರಾಜ್ಯದ ನಿಯಮವನ್ನು ಅವನ ಕೈಯಲ್ಲೇ ಓದಿಸಿ.

ಒಪ್ಪುವ ಮೊದಲು ಆ ಚಾಪ್ಟರ್‌ನ (ಫ್ರಟರ್ನಿಟಿಯ ಆ ಕಾಲೇಜಿನ ಶಾಖೆಯ) ಚರಿತ್ರೆ ನೋಡಿ. 2024ರ ಡಿಸೆಂಬರ್‌ನಲ್ಲಿ ಬಂದ ಫೆಡರಲ್ ಕಾನೂನಿನಂತೆ ಕಾಲೇಜುಗಳು ಹೇಜಿಂಗ್‌ನಲ್ಲಿ ತಪ್ಪಿತಸ್ಥ ಅಂತ ಕಂಡ ಸಂಘಟನೆಗಳ ವರದಿಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಅದಕ್ಕಿಂತ ಮುಖ್ಯ, ಚಾಪ್ಟರ್‌ಗೆ ಈಗ ಕಾಲೇಜಿನ ಮಾನ್ಯತೆ ಇದೆಯಾ ಅಂತ ಕಾಲೇಜಿನ ಫ್ರಟರ್ನಿಟಿ ಕಚೇರಿಗೆ ಈಮೇಲ್ ಮಾಡಿ. ಮಾನ್ಯತೆ ಹೋದ ಮೇಲೂ ಬೇರೆ ಹೆಸರಿನಲ್ಲಿ ಗುಟ್ಟಾಗಿ ನಡೆಯುವ ಗುಂಪುಗಳಿವೆ. ಅಂಥದಾದರೆ ಖಡಾಖಂಡಿತವಾಗಿ ಬೇಡ ಅನ್ನಿ. ಭಾರತೀಯ ಮೂಲದ ಹುಡುಗರೇ ಇರುವ ಫ್ರಟರ್ನಿಟಿಗಳೂ ಇವೆ, ನಮ್ಮವರೇ ಅಂತ ವಿಚಾರಿಸದೆ ಬಿಡಬೇಡಿ. 2013ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಭಾರ ಹೊತ್ತು ಪೆಟ್ಟು ತಿಂದು ಸತ್ತ ಮೈಕೆಲ್ ಡೆಂಗ್ ಸೇರಲು ಹೋಗಿದ್ದು ಏಷ್ಯನ್ ಅಮೆರಿಕನ್ ಫ್ರಟರ್ನಿಟಿಗೇ.

ಕಾಗದಪತ್ರ. ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ಅವನದು, ಅವನು ಸಹಿ ಮಾಡಿದ ಒಪ್ಪಿಗೆ ಪತ್ರ ಇಲ್ಲದಿದ್ದರೆ ಕಾಲೇಜು ಸಾಮಾನ್ಯವಾಗಿ ನಿಮಗೆ ಏನೂ ಹೇಳುವುದಿಲ್ಲ. ಈಗಲೇ ಮಾಡಿಸಿ. ರೂಮ್‌ಮೇಟ್ ನಂಬರ್, ಇನ್ಶೂರೆನ್ಸ್ ಕಾರ್ಡಿನ ಫೋಟೊ ನಿಮ್ಮಲ್ಲಿರಲಿ. ಎಫ್-1 (ವಿದ್ಯಾರ್ಥಿ) ವೀಸಾ ಇದ್ದರೆ, ಕುಡಿದು ಗಾಡಿ ಓಡಿಸಿ ಅರೆಸ್ಟ್ ಆದರೆ, ಶಿಕ್ಷೆಯಾಗುವ ಮೊದಲೇ ವೀಸಾ ರದ್ದಾಗಬಹುದು.

ಹಣದ ಲೆಕ್ಕ ಬರಹದಲ್ಲಿ ಕೇಳಿ: ಹೊಸ ಸದಸ್ಯರ ಶುಲ್ಕ, ಇನಿಷಿಯೇಷನ್ ಶುಲ್ಕ, ಪ್ರತಿ ಸೆಮಿಸ್ಟರಿನ ಡ್ಯೂಸ್ (ಸದಸ್ಯತ್ವದ ಹಣ), ವಿಮೆ, ದಂಡ. ಎರಡನೇ ವರ್ಷ ಫ್ರಟರ್ನಿಟಿ ಮನೆಯಲ್ಲೇ ಇರಬೇಕೆಂಬ ಕರಾರು ಇದೆಯಾ, ಬಾಡಿಗೆ ಒಪ್ಪಂದಕ್ಕೆ ನೀವು ಜಾಮೀನು ನಿಲ್ಲಬೇಕಾ ಅನ್ನುವುದನ್ನೂ ಕೇಳಿ. ಪ್ಲೆಜ್ ಆದವನು ಇನಿಷಿಯೇಷನ್‌ಗೆ ಮೊದಲು ಯಾವ ದಿನ ಬೇಕಾದರೂ ಬಿಟ್ಟು ಬರಬಹುದು. ಕಟ್ಟಿದ ಶುಲ್ಕ ಹೋದರೆ ಹೋಗಲಿ, ಆ ದುಡ್ಡಿನ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ ಅಂತ ಇವತ್ತೇ ಅವನಿಗೆ ಹೇಳಿಬಿಡಿ.