ಮೃದಂಗ ಗೊತ್ತಿದ್ದರೆ ಬಾರ್ತೋಕ್‌ನ ಬಲ್ಗೇರಿಯನ್ ನೃತ್ಯಗಳು ಸುಲಭವೇ?

ಮೃದಂಗ ಕಲಿತು ಪಿಯಾನೋಗೆ ಬಂದಿದ್ದೀರಿ. ಏಳೆಣಿಕೆಯ ಮಿಶ್ರಛಾಪು ತಾಳ ನೀರು ಕುಡಿದಷ್ಟು ಸುಲಭ, ಹಾಗಾಗಿ ಹಂಗೇರಿಯ ಸಂಯೋಜಕ ಬೇಲಾ ಬಾರ್ತೋಕ್‌ನ 'ಮೈಕ್ರೋಕಾಸ್ಮೋಸ್' ಅನ್ನೋ ಪಿಯಾನೋ ಪಾಠಗಳ ಸಂಗ್ರಹದ ಕೊನೆಯಲ್ಲಿರುವ ಆರು ಬಲ್ಗೇರಿಯನ್ ನೃತ್ಯಗಳಿಗೆ ನೇರವಾಗಿ ಕೈ ಹಾಕಬಹುದಾ ಅಂತ ಕೇಳಿದ್ದೀರಿ. ನಾನೂ ಹೀಗೇ ಅಂದುಕೊಂಡವನು. ಒಂದು ಕೋರ್ಸಿನ ಆಯ್ಕೆ ಪರೀಕ್ಷೆಗೆ ಆ ಆರರಲ್ಲಿ ಎರಡನೆಯದಾದ 149ನೇ ತುಣುಕು ಹಿಡಿದುಕೊಂಡೇ ಹೋದೆ. ಸೀಟು ಸಿಗಲಿಲ್ಲ.

ಎಲ್ಲಿ ಎಡವಿದೆ ಅಂತ ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ. 149ರಲ್ಲಿ ಏಳು ಎಣಿಕೆ ಇರುವುದು ನಿಜ. ಆದರೆ ಬಾರ್ತೋಕ್ ಬರೆದದ್ದು 2+2+3, ಅಂದರೆ ಎರಡು, ಎರಡು, ಮೂರರ ಗುಂಪು. ನಮ್ಮ ಮಿಶ್ರಛಾಪು ತಕಿಟ ತಕಧಿಮಿ, ಮೂರು ಮೊದಲು, ನಾಲ್ಕು ಆಮೇಲೆ. ನಾನು ತಕ ತಕ ತಕಿಟ ಅಂತಲೇ ಶುರು ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹಳೇ ಅಭ್ಯಾಸ ಮೇಲೆ ಬರುತ್ತಿತ್ತು. ಮೂರರ ಗುಂಪು ಬಂತೋ, ಅದೇ ಸಮ (ತಾಳದ ಮೊದಲ ಎಣಿಕೆ) ಅಂತ ಕೈ ಅಲ್ಲಿ ಒತ್ತಿಬಿಡುತ್ತಿತ್ತು. ಒಂದು ಸ್ವರವೂ ತಪ್ಪಿರಲಿಲ್ಲ. ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಕೂಡ ಹಿಡಿದುಕೊಡಲಿಲ್ಲ, ಎಲ್ಲಿಂದ ಎಣಿಸಿದರೂ ಏಳು ಏಳೇ ಅಲ್ವಾ? ಪರೀಕ್ಷಕಿ ನಡುವೆ ನಿಲ್ಲಿಸಿ, ನುಡಿಸಬೇಡಿ, ಹಾಡಿಕೊಂಡು ಚಪ್ಪಾಳೆ ಹಾಕಿ ಅಂದರು. ಹಾಕಿದೆ. ನನ್ನ ಮೊದಲ ಚಪ್ಪಾಳೆ ಐದನೇ ಎಣಿಕೆಯ ಮೇಲೆ ಬಿತ್ತು. ಅವರು ಪೆನ್ಸಿಲ್ ಕೆಳಗಿಟ್ಟರು.

ಹಾಗಾಗಿ ಲಯಜ್ಞಾನ ಇರುವುದು ಇಲ್ಲಿ ಅನುಕೂಲ ಅನ್ನೋ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಏನೂ ಗೊತ್ತಿಲ್ಲದವನು ಹೆದರಿಕೊಂಡು ಪುಟ ನೋಡುತ್ತಾನೆ. ನಾವು ನೋಡುವುದಿಲ್ಲ. ಇದು ಕುಣಿತದ ಲಯ. ಆ ವೇಗದಲ್ಲಿ ಏಳು ಎಣಿಸೋಕೆ ಹೋಗಬೇಡಿ. ಗಿಡ್ಡ, ಗಿಡ್ಡ, ಉದ್ದ, ಮೂರೇ ಹೆಜ್ಜೆ. ಎದ್ದು ನಿಂತು ಕಾಲಲ್ಲಿ ಹಾಕಿ ನೋಡಿ.

ಬಾರ್ತೋಕ್‌ಗೂ ಇದು ಮೊದಲು ಕಿವಿಗೆ ಹತ್ತಿರಲಿಲ್ಲ, ಗೊತ್ತಾ? 1881ರಲ್ಲಿ ಹುಟ್ಟಿದ ಈ ಹಂಗೇರಿಯನ್, 1906ರಿಂದ ಧ್ವನಿ ಮುದ್ರಿಸುವ ಫೋನೋಗ್ರಾಫ್ ಹೊತ್ತುಕೊಂಡು ಹಳ್ಳಿ ಹಳ್ಳಿ ಅಲೆದು ಹಂಗೇರಿಯನ್, ಸ್ಲೋವಾಕ್, ರೊಮೇನಿಯನ್ ಹಾಡುಗಳನ್ನು ಮೇಣದ ಸಿಲಿಂಡರ್‌ಗಳಲ್ಲಿ ಹಿಡಿದ. ಬಲ್ಗೇರಿಯಾದ ವಿದ್ವಾಂಸರು ಬರೆದದ್ದನ್ನು ಓದಿದ ಮೇಲೆ ತನ್ನ ಹಳೇ ರೊಮೇನಿಯನ್ ಸಂಗ್ರಹವನ್ನು ಮತ್ತೆ ತೆಗೆದ. ಅಲ್ಲೂ ಇದೇ ಲಯ ಇತ್ತು, ತಾನೇ ಗುರುತಿಸಿರಲಿಲ್ಲ. 1938ರಲ್ಲಿ ಈ ಲಯದ ಬಗ್ಗೆಯೇ ಉಪನ್ಯಾಸ ಕೊಟ್ಟ.

ಇನ್ನೊಂದು ವಿಷಯ, ಆತ ಮೇಷ್ಟ್ರು. ಬುಡಾಪೆಸ್ಟ್‌ನ ಸಂಗೀತ ಅಕಾಡೆಮಿಯಲ್ಲಿ 1907ರಿಂದ 1934ರವರೆಗೆ ಕಲಿಸಿದ್ದು ಪಿಯಾನೋ. ಸಂಯೋಜನೆ ಕಲಿಸೋಕೆ ಒಪ್ಪಲೇ ಇಲ್ಲ. 'ಮೈಕ್ರೋಕಾಸ್ಮೋಸ್' ಆರು ಪುಸ್ತಕ, 153 ತುಣುಕು. ಮೊದಲೆರಡು ಪುಸ್ತಕ ಮಗ ಪೀಟರ್‌ಗೆ ಅರ್ಪಣೆ. ಸುಮ್ನೆ ನಂಬರ್ ಹಾಕಿಲ್ಲ, ಒಂದೊಂದೇ ಮೆಟ್ಟಿಲು ಹತ್ತಿಸುತ್ತಾನೆ. ನಾಲ್ಕನೇ ಪುಸ್ತಕದ 113 ನೋಡಿ, ಅದೇ 2+2+3, ಕೈಗೆ ಎಷ್ಟೋ ಸುಲಭ. ಅಲ್ಲಿಂದ ಶುರು ಮಾಡಿ. 113 ಮತ್ತು ಆರೂ ನೃತ್ಯಗಳನ್ನು ಬಾರ್ತೋಕ್ ತಾನೇ ನುಡಿಸಿದ ಧ್ವನಿಮುದ್ರಣ ಇದೆ. ಹಂಗೇರಿ ಬಿಟ್ಟು ಅಮೆರಿಕಕ್ಕೆ ಹೋದ 1940ರದು. ಮೊದಲು ಅದನ್ನು ಕೇಳಿ, ಆಮೇಲೆ ಪಿಯಾನೋ ಮುಟ್ಟಿ.

150 ಮಾತ್ರ ಸದ್ಯಕ್ಕೆ ಬೇಡ. ಅದು 2+3, ನಮ್ಮ ಐದೆಣಿಕೆಯ ಖಂಡಛಾಪು. ಬೇಗ ಕೂತುಬಿಡುತ್ತದೆ, ಮಿಕ್ಕಿದ್ದೂ ಇಷ್ಟೇ ಅಂದುಕೊಂಡು ನೀವು 149ಕ್ಕೆ ಹಾರುತ್ತೀರಿ.