ಮೀಥೇನ್‌ನಲ್ಲಿ 109.5 ಡಿಗ್ರಿ ಎಲ್ಲಿಂದ ಬಂತು?

ಪುಸ್ತಕದಲ್ಲಿ ಮೀಥೇನ್ (ಒಂದು ಕಾರ್ಬನ್, ಅದಕ್ಕೆ ನಾಲ್ಕು ಹೈಡ್ರೋಜನ್) ಅನ್ನು ಕೂಡಿಸುವ ಗುರುತಿನ ಹಾಗೆ ಬರೆದಿದ್ದಾರೆ, ಹಾಗಾದರೆ ಕೋನ 90 ಡಿಗ್ರಿ ಅಲ್ವಾ, ಈ ಆಕಾರಗಳನ್ನೆಲ್ಲ ಕಲಿತು ಏನು ಉಪಯೋಗ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಈ ಪ್ರಶ್ನೆ ಕೇಳುವ ಮಕ್ಕಳು ಅಂದರೆ ನನಗೆ ತುಂಬಾ ಇಷ್ಟ.

ಕಾಗದ ಚಪ್ಪಟೆ, ಅದಕ್ಕೇ ಚಿತ್ರವೂ ಚಪ್ಪಟೆ. ಅಣು ಹಾಗಿಲ್ಲ. ನಿಂಬೆಹಣ್ಣಿನಷ್ಟು ಜೇಡಿಮಣ್ಣಿನ ಉಂಡೆ ಮಾಡಿ, ನಾಲ್ಕು ಹಿಡಿಕಡ್ಡಿ ತುಂಡು ತೆಗೆದುಕೊಳ್ಳಿ. ಉಂಡೆ ಕಾರ್ಬನ್, ಒಂದೊಂದು ಕಡ್ಡಿಯೂ ಒಂದು ಹೈಡ್ರೋಜನ್ ಅನ್ನು ಹಿಡಿದಿರುವ ಒಂದು ಜೊತೆ ಎಲೆಕ್ಟ್ರಾನ್. ಮೊದಲು ಪುಸ್ತಕದಲ್ಲಿರುವ ಹಾಗೇ ಸುತ್ತಲೂ ಚುಚ್ಚಿ. ಮೇಲೂ ಕೆಳಗೂ ಜಾಗ ಸುಮ್ನೆ ಖಾಲಿ ಬಿದ್ದಿದೆ, ನೋಡಿ. ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಇಷ್ಟು ಜಾಗ ಇರುವಾಗ ಹೀಗೆ ಇಕ್ಕಟ್ಟಿನಲ್ಲಿ ಯಾಕೆ ಇರುತ್ತವೆ? ಒಂದೊಂದೇ ಕಡ್ಡಿ ಕಿತ್ತು, ಉಳಿದ ಮೂರರಿಂದ ಆದಷ್ಟು ದೂರಕ್ಕೆ ಚುಚ್ಚುತ್ತಾ ಹೋಗಿ. ಕೊನೆಗೆ ಮೂರು ಕಡ್ಡಿ ಮೇಜಿನ ಮೇಲೆ ಕಾಲೂರುತ್ತವೆ, ನಾಲ್ಕನೆಯದು ನೆಟ್ಟಗೆ ಮೇಲೆ ನಿಲ್ಲುತ್ತದೆ. ಯಾವ ಎರಡರ ನಡುವೆ ಅಳೆದರೂ 109.5ರ ಆಸುಪಾಸು ಬರುತ್ತದೆ. ಇದೇ ಟೆಟ್ರಾಹೆಡ್ರನ್, ಅಂದರೆ ನಾಲ್ಕು ಮುಖದ ಆಕಾರ.

ಇದನ್ನು 1874ರಲ್ಲಿ ವಾಂಟ್ ಹಾಫ್ ಮತ್ತು ಲೆ ಬೆಲ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಬೇರೆ ಬೇರೆಯಾಗಿ ಹೇಳಿದರು. ಎಲೆಕ್ಟ್ರಾನ್ ಗೊತ್ತಾಗಿದ್ದು 1897ರಲ್ಲಿ! ಮತ್ತೆ ಹೇಗೆ ಹೇಳಿದರು? ಡೈಕ್ಲೋರೋಮೀಥೇನ್ ನೋಡಿ, ಅಂದರೆ ಮೀಥೇನ್‌ನ ಎರಡು ಹೈಡ್ರೋಜನ್ ಜಾಗದಲ್ಲಿ ಎರಡು ಕ್ಲೋರಿನ್. ಅಣು ಚಪ್ಪಟೆಯಾಗಿದ್ದರೆ ಎರಡು ಕ್ಲೋರಿನ್ ಅಕ್ಕಪಕ್ಕ ಇರುವುದು ಒಂದು ವಸ್ತು, ಎದುರುಬದುರು ಇರುವುದು ಇನ್ನೊಂದು ವಸ್ತು ಆಗಬೇಕಿತ್ತು. ಆದರೆ ಸಿಗುವುದು ಒಂದೇ. ನಿಮ್ಮ ಉಂಡೆಯ ಯಾವುದಾದರೂ ಎರಡು ಕಡ್ಡಿಗೆ ಶಾಯಿ ಹಚ್ಚಿ. ಹೇಗೆ ಹಚ್ಚಿದರೂ ತಿರುಗಿಸಿದರೆ ಒಂದೇ ಮಾದರಿ. ಇಂಥ ವಾದ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಅಮೋನಿಯಾ, ನೀರು ಎರಡರಲ್ಲೂ ನಾಲ್ಕು ಜೋಡಿಗಳೇ. ಆದರೆ ಅಮೋನಿಯಾದಲ್ಲಿ ಒಂದು ಜೋಡಿ, ನೀರಿನಲ್ಲಿ ಎರಡು ಜೋಡಿ ಯಾರ ಜೊತೆಗೂ ಬಂಧ ಮಾಡಿಕೊಂಡಿಲ್ಲ. ಇವು ಜಾಸ್ತಿ ಜಾಗ ಹಿಡಿಯುತ್ತವೆ, ಉಳಿದವನ್ನು ಒತ್ತುತ್ತವೆ. ಹಾಗಾಗಿ ಕೋನ ಅಮೋನಿಯಾದಲ್ಲಿ 107ಕ್ಕೆ, ನೀರಿನಲ್ಲಿ 104.5ಕ್ಕೆ ಇಳಿಯುತ್ತದೆ.

ಇನ್ನು ಉಪಯೋಗ. ಕಾರ್ಬನ್ ಡೈಆಕ್ಸೈಡ್ ಅಣು ನೀರಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಭಾರ, ಆದರೂ ಅದು ಅನಿಲ. ಅದರ ಅಣು ನೇರ ಗೆರೆ, ಎರಡೂ ಕಡೆಯ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತಮ್ಮತ್ತ ಎಳೆಯುವುದು ಸರಿಸಮ ಆಗಿ ಹೋಗುತ್ತದೆ. ನೀರಿನ ಅಣು ಬಾಗಿದೆ, ಒಂದು ಕಡೆ ಸ್ವಲ್ಪ ಋಣ, ಇನ್ನೊಂದು ಕಡೆ ಸ್ವಲ್ಪ ಧನ. ಹಾಗಾಗಿ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗುಂಬೆಯಲ್ಲಿ ಸುರಿಯುವುದು ಈ ಬಾಗಿದ ಅಣುಗಳೇ.

ನಮ್ಮ ಅಡಿಕೆ ಮರಕ್ಕೆ ಹಬ್ಬುವ ಕಾಳುಮೆಣಸನ್ನೂ ನೋಡಿ. ಅದರ ಖಾರ ಪೈಪರಿನ್ ಅಣುವಿನದು. ಅದರಲ್ಲಿ 17 ಕಾರ್ಬನ್, 19 ಹೈಡ್ರೋಜನ್, 3 ಆಕ್ಸಿಜನ್, ಒಂದು ನೈಟ್ರೋಜನ್ ಇವೆ. ನಡುವೆ ಎರಡು ಡಬಲ್ ಬಾಂಡ್ (ಎರಡು ಜೊತೆ ಎಲೆಕ್ಟ್ರಾನ್‌ನ ಬಂಧ) ಇರುವ ಸರಪಳಿ, ನೀಟಾಗಿ ಚಾಚಿಕೊಂಡಿರುತ್ತದೆ. ಬೆಳಕು ಬಿದ್ದರೆ ಡಬಲ್ ಬಾಂಡ್ ಹತ್ತಿರ ಆ ಸರಪಳಿ ಮಡಚಿಕೊಳ್ಳಬಹುದು. ಒಂದು ಪರಮಾಣುವೂ ಕಮ್ಮಿಯಾಗಿಲ್ಲ, ಆಕಾರ ಬದಲಾಗಿದೆ ಅಷ್ಟೆ, ಖಾರ ಮಾತ್ರ ಹೋಗಿರುತ್ತದೆ. ಕಾಳುಮೆಣಸಿನ ಪುಡಿಯನ್ನು ಗಾಜಿನ ಬಾಟಲಿಗೆ ತುಂಬಿ ಕಿಟಕಿ ಹತ್ತಿರ ಇಡಬೇಡಿ ಅಂತ ನಾನು ಮಕ್ಕಳಿಗೆ ಹೇಳುವುದು ಇದಕ್ಕೇ.