ಹಾಲುಹಲ್ಲು ಹೇಗೂ ಬಿದ್ದುಹೋಗುತ್ತೆ ಅನ್ನುವ ನಂಬಿಕೆ: ಎಚ್.ಡಿ. ಕೋಟೆ ಕಡೆಯಿಂದ ಉತ್ತರ

ಮೂರು ವರ್ಷದ ಮಗುವಿನ ಮುಂದಿನ ಹಲ್ಲೆಲ್ಲ ಕರಗಿ ಕಪ್ಪು ಮೊಳೆಯಾಗಿದ್ದರೂ ಇಲ್ಲಿನವರು ಯಾಕೆ ಡಾಕ್ಟರಿಗೆ ತೋರಿಸಲ್ಲ ಅಂತ ಕೇಳಿದ್ದೀರಿ. ಇದನ್ನ ಉದಾಸೀನ ಅಂದುಕೊಳ್ಳಬೇಡಿ. ಕೋಟೆ, ಸರಗೂರು ಕಡೆಯ ಹಾಡಿಗಳಿಂದ, ಅಂದರೆ ಕಾಡಂಚಿನ ಆದಿವಾಸಿ ಊರುಗಳಿಂದ, ಶುಂಠಿ ಹೊಲಕ್ಕೆ, ಕೊಡಗಿನ ತೋಟಕ್ಕೆ, ಕೇರಳ ಗಡಿಯ ಬಾವಲಿ ದಾಟಿ ವಯನಾಡಿಗೆ ಕೂಲಿಗೆ ಹೋಗುವವರು ಬೆಳಕು ಹರಿಯುವಾಗಲೇ ಜೀಪು ಹತ್ತಿರುತ್ತಾರೆ. ಮಗು ಅಜ್ಜಿ ಹತ್ತಿರ. ಅತ್ತರೆ ಸಕ್ಕರೆ ಹಾಕಿದ ಹಾಲಿನ ಬಾಟಲಿ, ಟೀಗೆ ಅದ್ದಿದ ಬನ್ನು, ಐದು ರೂಪಾಯಿಯ ಬಿಸ್ಕತ್ತು. ಮೈಸೂರಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯ್ತು.

ಅದಕ್ಕಿಂತ ದೊಡ್ಡ ಅಡ್ಡಿ, ಹಾಲುಹಲ್ಲು ಹೇಗೂ ಬಿದ್ದುಹೋಗುತ್ತೆ ಅನ್ನುವುದು. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ದವಡೆಯ ಹಾಲುಹಲ್ಲು 10-12 ವರ್ಷದವರೆಗೂ ಅಗಿಯಬೇಕು, ಬರುವ ಹಲ್ಲಿಗೆ ಜಾಗ ಕಾಯಬೇಕು. ಆರನೇ ವರ್ಷಕ್ಕೆ ಅವುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದೊಡ್ಡ ದವಡೆಹಲ್ಲು ಹುಟ್ಟುತ್ತೆ. ಅದು ಶಾಶ್ವತದ್ದು. ಹಾಲುಹಲ್ಲೆಂದೇ ತಿಳಿದು ಅದನ್ನೂ ಹುಳುಕಿಗೆ ಬಿಟ್ಟುಬಿಡುತ್ತಾರೆ.

ಹುಳುಕು ಶುರುವಾಗುವುದು ಮೇಲಿನ ಮುಂದಿನ ಹಲ್ಲುಗಳಲ್ಲಿ. ಕೆಳಗಿನ ಮುಂದಿನ ಹಲ್ಲನ್ನ ನಾಲಿಗೆ, ಜೊಲ್ಲು ಕಾಯುತ್ತವೆ. ರಾತ್ರಿ ಜೊಲ್ಲು ಕಡಿಮೆ; ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ಮಲಗಿದ ಮಗುವಿಗೆ ಸಿಹಿ ರಾತ್ರಿಯಿಡೀ ಹಲ್ಲಿಗೆ ಅಂಟಿರುತ್ತೆ. ಆದ್ದರಿಂದ ತಿಂಗಳಿಗೊಮ್ಮೆ ಮೇಲ್ದುಟಿ ಎತ್ತಿ ನೋಡಬೇಕು. ಒಸಡಿನ ಅಂಚಿನಲ್ಲಿ ಸುಣ್ಣದ ಗೆರೆಯಂಥ ಬಿಳುಪು ಕಂಡರೆ, ಇನ್ನೂ ತೂತು ಬಿದ್ದಿಲ್ಲ, ತಡೆಯಬಹುದು. ಮಲಗುವಾಗ ಬಾಟಲಿಯಲ್ಲಿ ನೀರು ಮಾತ್ರ. ಬೆಳಿಗ್ಗೆ, ರಾತ್ರಿ ಫ್ಲೋರೈಡ್ ಪೇಸ್ಟಿನಲ್ಲಿ ದೊಡ್ಡವರೇ ಉಜ್ಜಬೇಕು: ಮೂರು ವರ್ಷದೊಳಗೆ ಅಕ್ಕಿಕಾಳಷ್ಟು, ಆಮೇಲೆ ಬಟಾಣಿ ಕಾಳಷ್ಟು. ಇದ್ದಿಲು, ಬೂದಿ ಹಲ್ಲನ್ನ ತೇಯುತ್ತವೆ, ಅಷ್ಟೇ.

ನೋವು ನಿಂತಾಗಲೇ ಮೋಸ ಆಗುವುದು. 'ಹುಳ ಸತ್ತೋಯ್ತು' ಅಂತಾರೆ. ಹುಳ ಯಾವತ್ತೂ ಇರಲಿಲ್ಲ. ಸತ್ತದ್ದು ಹಲ್ಲಿನೊಳಗಿನ ನರ. ಕೆಳಗೆ ಕೀವು ಕಟ್ಟುತ್ತಿರುತ್ತೆ, ಸ್ವಲ್ಪ ದಿನಕ್ಕೆ ಒಸಡಲ್ಲಿ ಗುಳ್ಳೆ ಏಳುತ್ತೆ. ನೋವಿಗೆ ಹೊಗೆಸೊಪ್ಪು ಇಡುವುದು ದಯವಿಟ್ಟು ಬೇಡ, ಚಿಕ್ಕ ಮಗುವಿಗೆ ಅದು ವಿಷ. ಊತ ಕಣ್ಣಿನ ಕಡೆಗೋ ದವಡೆಯ ಕೆಳಗೋ ಹರಡಿ ಜ್ವರ ಬಂದರೆ, ನುಂಗಲು ಕಷ್ಟವಾದರೆ, ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಬಾವಲಿಯ ಕಾಡುದಾರಿ ಸಂಜೆ 6ಕ್ಕೆ ಮುಚ್ಚುತ್ತೆ, ನೆನಪಿರಲಿ.

ಚಿಕ್ಕ ತೂತಿಗೆ ಕೊರೆಯದೆ ಹಚ್ಚುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ಔಷಧಿ ಇದೆ. ಒಂದು ಹನಿ, ಒಂದು ನಿಮಿಷದ ಕೆಲಸ. ಹುಳುಕಾದ ಜಾಗ ಕಪ್ಪಾಗುತ್ತೆ. ಮೊದಲೇ ಹೇಳದಿದ್ದರೆ 'ಔಷಧಿ ಹಾಕಿ ಹಲ್ಲೇ ಕೆಡಿಸಿದರು' ಅಂತ ತಾಯಂದಿರು ಮತ್ತೆ ಬರುವುದೇ ಇಲ್ಲ. ಕಪ್ಪಾಗಿ ಗಟ್ಟಿಯಾದರೆ ಹುಳುಕು ನಿಂತಿದೆ ಎಂದರ್ಥ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿಸಬೇಕು. ನರ ಸತ್ತು ಕೀವಾದ ಹಲ್ಲಿಗೆ ಇದು ನಡೆಯಲ್ಲ.

ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಹುಳುಕು ಹಲ್ಲೂ ಅವರ ತಪಾಸಣೆಯಲ್ಲಿ ಸೇರಿದೆ. ಆ ಹೊತ್ತಿಗೆ ತಾಯಿ ಹೊಲದಲ್ಲಿರುತ್ತಾಳೆ. ನೀವು ಸಹಾಯ ಮಾಡುವುದಾದರೆ ಅಂಗನವಾಡಿ ಟೀಚರ್ ಹತ್ತಿರ ಆ ದಿನ ಯಾವುದೆಂದು ಕೇಳಿ, ಅಜ್ಜಿಯನ್ನ ಕರೆಸಿ, ತಂಡದವರು ಬರೆದುಕೊಡುವ ಚೀಟಿಯನ್ನ ಅಜ್ಜಿಯ ಕೈಗೇ ಕೊಡಿಸಿ.